ಚೀಟಿಯೂ ಕ್ರಮಸಂಖ್ಯೆಯೂ

ಹಾಲೆಂಡಿನ ಯಾವುದೇ ಊರಿನಲ್ಲಿ ಜೂನ್ ತಿಂಗಳ ಒಂದು ಸಂಜೆ ನಡೆದು ಹೊರಟರೆ, ಕೆಲವು ಮನೆಗಳ ಮುಂದೆ ರಾಷ್ಟ್ರಧ್ವಜವೂ ಅದರ ಕೋಲಿನ ತುದಿಗೆ ಒಂದು ಹಳೆಯ ಶಾಲಾ ಚೀಲವೂ ತೂಗುತ್ತಿರುವುದು ಕಾಣುತ್ತದೆ. ಆ ಮನೆಯ ಮಗು ಶಾಲೆಯ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಅದರ ಅರ್ಥ. ಎಷ್ಟು ಅಂಕವೆಂದು ಚೀಲ ಹೇಳುವುದಿಲ್ಲ, ನೆರೆಹೊರೆಯವರೂ ಕೇಳುವುದಿಲ್ಲ.

2013ರಲ್ಲಿ ನಮ್ಮ ಮಗಳ ಚೀಲವೂ ಹೀಗೆ ತೂಗಿತು. ಅದೇ ರಾತ್ರಿ ಮೈಸೂರಿನಿಂದ ನಮ್ಮ ಅತ್ತೆಯವರ ದೂರವಾಣಿ ಬಂತು. ‘ಎಷ್ಟು ಬಂತಮ್ಮ?’ ಎಂದರು. ‘ಏಳು ಪಾಯಿಂಟ್ ಎರಡು’ ಎಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, ‘ಎಪ್ಪತ್ತೆರಡೇ? ಹೋಗಲಿ ಬಿಡು, ಮಗೂನ ಬೈಬೇಡ’ ಎಂದರು.

ಈ ದೇಶದ ಅಂಕಗಳನ್ನು ಹತ್ತರಿಂದ ಗುಣಿಸಿ ನಮ್ಮೂರಿನ ಶೇಕಡಾವಾರಿಗೆ ಹೊಂದಿಸುವುದು ನಾವೆಲ್ಲರೂ ಮಾಡುವ ತಪ್ಪು. ಇಲ್ಲಿ ಐದೂವರೆ ಬಂದರೆ ಆರೆಂದು ಎಣಿಸಿ ಪಾಸು ಮಾಡುತ್ತಾರೆ. ಎಂಟು ಬಂದರೆ ಬಹಳ ಒಳ್ಳೆಯ ವಿದ್ಯಾರ್ಥಿ. ಹತ್ತು ದೇವರಿಗೆ, ಒಂಬತ್ತು ಮೇಷ್ಟರಿಗೆ ಎಂಬ ಮಾತೂ ಇದೆ. ಆರು ವರ್ಷದ ವೇಡಬ್ಲ್ಯುಓ ಶಿಕ್ಷಣ ಮುಗಿಸಿ, ತಕ್ಕ ವಿಷಯಗಳನ್ನು ಓದಿದ್ದರೆ, ಆರು ಬಂದವನಿಗೂ ಒಂಬತ್ತು ಬಂದವನಿಗೂ ವಿಶ್ವವಿದ್ಯಾಲಯದ ಹೆಚ್ಚಿನ ವಿಭಾಗಗಳ ಬಾಗಿಲು ಸಮನಾಗಿ ತೆರೆದಿರುತ್ತದೆ. ‘ಆರರ ಸಂಸ್ಕೃತಿ’ ಎಂದು ಡಚ್ಚರು ತಮ್ಮನ್ನು ತಾವೇ ಹಂಗಿಸಿಕೊಳ್ಳುವುದೂ ಇದಕ್ಕಾಗಿಯೇ.

ಆದರೆ ವೈದ್ಯಕೀಯದಂತಹ ಕೆಲವು ವಿಭಾಗಗಳಲ್ಲಿ ಸ್ಥಾನಗಳು ಮಿತ. ಅದಕ್ಕೆ ‘ನ್ಯೂಮರಸ್ ಫಿಕ್ಸಸ್’ ಎಂದು ಹೆಸರು. ಆ ಸ್ಥಾನಗಳನ್ನು ಹಂಚಲು ಇವರು 1970ರ ದಶಕದಲ್ಲಿ ಕಂಡುಕೊಂಡ ಉಪಾಯ ಚೀಟಿ ಎತ್ತುವುದು! ಬರಿಯ ಕುರುಡು ಚೀಟಿಯಲ್ಲ. ಹೆಚ್ಚು ಸರಾಸರಿಯವರಿಗೆ ಹೆಚ್ಚು ಅವಕಾಶ, ಕಡಿಮೆಯವರಿಗೆ ಕಡಿಮೆ. ಆದರೆ ಕೇವಲ ಪಾಸಾದವನ ಹೆಸರೂ ಆ ಡಬ್ಬಿಯಲ್ಲಿ ಇರುತ್ತಿತ್ತು. ಪ್ರತಿಭೆಯನ್ನೇ ಪೂಜಿಸುವ ನಮ್ಮವರಿಗೆ ಇದನ್ನು ಮೊದಲು ಕೇಳಿದಾಗ ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ನನಗೂ ಹಾಗೆಯೇ ಆಗಿತ್ತು.

ಸಿಟ್ಟು ಡಚ್ಚರಿಗೂ ಬಂದದ್ದುಂಟು. 1996ರಲ್ಲಿ ಸರಾಸರಿ 9.6 ಪಡೆದ ಹುಡುಗಿಯೊಬ್ಬಳು ವೈದ್ಯಕೀಯದ ಚೀಟಿಯಲ್ಲಿ ಮತ್ತೆ ಮತ್ತೆ ಸೋತಾಗ ದೇಶದಲ್ಲೆಲ್ಲ ದೊಡ್ಡ ಚರ್ಚೆಯಾಯಿತು. ಸಮಿತಿ ಕುಳಿತಿತು, 1999ರಲ್ಲಿ ಕಾನೂನು ಬದಲಾಗಿ, ಎಂಟು ಮತ್ತು ಅದಕ್ಕೆ ಮೇಲ್ಪಟ್ಟ ಸರಾಸರಿಯವರಿಗೆ ನೇರ ಪ್ರವೇಶ ಸಿಕ್ಕಿತು. ಅದು ನ್ಯಾಯವೇ. ಕ್ರಮೇಣ ವಿಶ್ವವಿದ್ಯಾಲಯಗಳು ತಾವೇ ಪರೀಕ್ಷೆಯಿಟ್ಟು ಆರಿಸಿಕೊಳ್ಳುವ ಪದ್ಧತಿ ಬೆಳೆದು, 2017-18ರ ಪ್ರವೇಶದ ವೇಳೆಗೆ ಚೀಟಿ ಪೂರ್ತಿ ರದ್ದಾಯಿತು.

ನಮ್ಮ ಮಗಳು ಚೀಟಿಯ ಕಾಲದವಳು, ಮಗ ಆಯ್ಕೆಯ ಕಾಲದವನು. ಇಬ್ಬರಿಗೂ ವೈದ್ಯಕೀಯ ಸಿಗಲಿಲ್ಲ. ಆದುದರಿಂದ ಎರಡು ಸೋಲುಗಳ ವ್ಯತ್ಯಾಸವನ್ನು ಒಂದೇ ಅಡಿಗೆಮನೆಯಲ್ಲಿ ನಿಂತು ನೋಡಿದವಳು ನಾನು.

ಮಗಳು ಒಂದು ದಿನ ಅತ್ತಳು. ಮರುದಿನ ‘ಚೀಟಿ ಬರಲಿಲ್ಲ ಅಷ್ಟೇ’ ಎಂದು ಗೆಳತಿಯರೊಡನೆ ಸೈಕಲ್ಲು ಹತ್ತಿ ಸಮುದ್ರತೀರಕ್ಕೆ ಹೋದಳು. ಅವಳ ಜೊತೆಯ ಒಬ್ಬ ಹುಡುಗ ಗಡಿಯಾಚೆಯ ಬೆಲ್ಜಿಯಮ್ಮಿಗೆ ಹೋಗಿ ಪ್ರವೇಶ ಪರೀಕ್ಷೆ ಬರೆದ. ಇವಳು ಜೀವವೈದ್ಯಕೀಯ ವಿಜ್ಞಾನ ಸೇರಿದಳು. ಮುಂದಿನ ವರ್ಷವೂ ಚೀಟಿ ಬರಲಿಲ್ಲ, ಆ ಹೊತ್ತಿಗೆ ಅವಳಿಗೆ ಅದರ ಗೊಡವೆಯೂ ಇರಲಿಲ್ಲ.

ಮಗನ ಕಥೆ ಬೇರೆ. 2018ರ ಜನವರಿಯಲ್ಲಿ ಅರ್ಜಿ. ತನ್ನ ಬಗ್ಗೆ, ತನ್ನ ಪ್ರೇರಣೆಯ ಬಗ್ಗೆ ಪ್ರಬಂಧ. ಮಾಡಿದ ಸೇವಾಕಾರ್ಯಗಳ ಪಟ್ಟಿ. ಒಂದು ಇಡೀ ದಿನದ ಪರೀಕ್ಷೆ. ಇದಕ್ಕೂ ಹಣ ತೆಗೆದುಕೊಂಡು ತರಬೇತಿ ಕೊಡುವವರು ಹುಟ್ಟಿಕೊಂಡಿದ್ದರು. ಏಪ್ರಿಲ್ 15ರಂದು ಅವನಿಗೊಂದು ಕ್ರಮಸಂಖ್ಯೆ ಬಂತು, ಇದ್ದ ಸ್ಥಾನಗಳಿಗಿಂತ ಬಹಳ ಹಿಂದಿನದು. ಶಾಲೆಯ ಅಂತಿಮ ಪರೀಕ್ಷೆ ಇನ್ನೂ ಮೇ ತಿಂಗಳಲ್ಲಿ! ಹದಿನೆಂಟರ ಹುಡುಗ ಪುಸ್ತಕದ ಮುಂದೆ ಸುಮ್ಮನೆ ಕೂತಿರುತ್ತಿದ್ದ. ‘ಅಕ್ಕನಿಗೆ ಅದೃಷ್ಟ ಇರಲಿಲ್ಲ, ಅಮ್ಮ. ನನ್ನನ್ನು ಅವರು ಪೂರ್ತಿ ನೋಡಿಯೇ ಬೇಡ ಎಂದಿದ್ದಾರೆ’ ಎಂದ. ಅದಕ್ಕೆ ಉತ್ತರ ಕೊಡಲು ನನಗೆ ತಿಳಿಯಲಿಲ್ಲ. ಆ ಜೂನಿನಲ್ಲಿ ಚೀಲ ಕಟ್ಟಲು ಅವನು ಒಪ್ಪಲಿಲ್ಲ, ಅವನಪ್ಪನೇ ಕಟ್ಟಿದರು.

ಆಯ್ಕೆಯೆಂದರೆ ಯೋಗ್ಯತೆಗೆ ಮನ್ನಣೆ ಎಂಬ ನಂಬಿಕೆ ನಮ್ಮ ಪೀಳಿಗೆಯಲ್ಲಿ ಗಟ್ಟಿಯಾಗಿದೆ. ಅದಕ್ಕೆ ಕಾರಣವೂ ಇದೆ. ಕ್ಯಾಪಿಟೇಶನ್ ಹಣದ ಕಾಲವನ್ನು ಕಂಡವರು ನಾವು. ಕರ್ನಾಟಕದಲ್ಲಿ 1984ರಲ್ಲೇ ಅದನ್ನು ನಿಷೇಧಿಸುವ ಕಾನೂನು ಬಂದರೂ, 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮತ್ತೆ ಆ ಮಾತನ್ನೆತ್ತಬೇಕಾಯಿತು. 1994ರಲ್ಲಿ ಸಿ.ಇ.ಟಿ. ಬಂದಾಗ ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ದೀಪ ಹಚ್ಚಿದಂತಾಯಿತು. ಆದರೆ ಆ ರ‍್ಯಾಂಕಿನ ಹಿಂದೆಯೇ ಕೋಚಿಂಗ್ ತರಗತಿಗಳೂ ಬಂದವು. ಹಣ ಹೋಗುವ ದಾರಿ ಬದಲಾಯಿತೇ ಹೊರತು ಹಣ ಹೋಗುವುದು ನಿಲ್ಲಲಿಲ್ಲ. ಹಾಲೆಂಡಿನಲ್ಲಿ ಆಮೇಲೆ ನಡೆದ ಅಧ್ಯಯನಗಳೂ ಇದನ್ನೇ ಹೇಳಿವೆ: ಈ ಆಯ್ಕೆಯಲ್ಲಿ ವೈದ್ಯವೃತ್ತಿಯವರ ಮಕ್ಕಳು ಮುಂದೆ, ವಲಸೆ ಬಂದ ಕುಟುಂಬಗಳ ಮಕ್ಕಳು ಹಿಂದೆ. ವಲಸಿಗರೆಂದರೆ ಬೇರೆ ಯಾರೋ ಎಂದು ನಮ್ಮ ಕನ್ನಡ ಬಂಧುಗಳು ಭಾವಿಸಬಾರದು. 2020ರ ದಶಕದ ಆರಂಭದಲ್ಲಿ ಇಲ್ಲಿಯ ಕಾನೂನು ಮತ್ತೆ ತಿದ್ದುಪಡಿಯಾಗಿ, ಇಷ್ಟಪಟ್ಟ ವಿಶ್ವವಿದ್ಯಾಲಯ ಚೀಟಿಗೆ ಮರಳಲು ಅವಕಾಶವಾಗಿದೆ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಏಳು, ಏಳೂವರೆಯ ಸಾವಿರಾರು ಮಕ್ಕಳ ನಡುವೆ ಯಾರು ಹೆಚ್ಚು ಒಳ್ಳೆಯ ವೈದ್ಯರಾಗುವರೆಂದು ಒಂದು ದಿನದ ಪರೀಕ್ಷೆಯಿಂದ ತಿಳಿಯುವಷ್ಟು ದಿವ್ಯದೃಷ್ಟಿ ಯಾವ ಪ್ರಾಧ್ಯಾಪಕರಿಗೂ ಇರಲಾರದು. ಇಲ್ಲದ ದೃಷ್ಟಿಯನ್ನು ಇದೆಯೆಂದು ನಟಿಸುವುದಕ್ಕಿಂತ ಚೀಟಿ ಎತ್ತುವುದು ಪ್ರಾಮಾಣಿಕ. ಅಮೆರಿಕದಲ್ಲಿ ಎಸ್.ಎ.ಟಿ. ಅಂಕ, ಪ್ರಬಂಧ, ಪಿಟೀಲು, ಈಜು ಎಂದು ಮಕ್ಕಳನ್ನು ಓಡಿಸುತ್ತಿರುವ ನಮ್ಮ ಸೋದರ ಸೋದರಿಯರು ಇದನ್ನು ಒಪ್ಪಲಿಕ್ಕಿಲ್ಲ. ಸಮ್ಮೇಳನದಲ್ಲಿ ಸಿಕ್ಕಾಗ ಧಾರಾಳವಾಗಿ ಜಗಳವಾಡಬಹುದು.

ಆದರೆ ಬೇರೆಯವರನ್ನು ದೂರುವ ಮುನ್ನ ನನ್ನ ತಪ್ಪನ್ನೂ ಹೇಳಬೇಕು. ಮಗ ಮುಂದೆ ಶುಶ್ರೂಷಾ ಶಿಕ್ಷಣಕ್ಕೆ ಸೇರಿದ. ಊರಿನವರು ಕೇಳಿದಾಗಲೆಲ್ಲ ನಾನು ‘ಆರೋಗ್ಯ ವಿಜ್ಞಾನ ಓದುತ್ತಿದ್ದಾನೆ’ ಎನ್ನುತ್ತಿದ್ದೆ, ಎರಡು ವರ್ಷ. 2020ರ ವಸಂತದಲ್ಲಿ, ಕೋವಿಡ್ ಆಸ್ಪತ್ರೆಗಳನ್ನು ತುಂಬಿದಾಗ, ಅವನು ತರಬೇತಿಯ ವಿದ್ಯಾರ್ಥಿಯಾಗಿ ರಾತ್ರಿ ಪಾಳಿಗೆ ಹೋಗತೊಡಗಿದ. ಒಂದು ಬೆಳಿಗ್ಗೆ ಮುಖದ ಮೇಲೆ ಮಾಸ್ಕಿನ ಗೆರೆ ಹೊತ್ತು ಒಳಗೆ ಬಂದಾಗ ನಾನು ಅತ್ತೆಯವರೊಡನೆ ಮಾತಾಡುತ್ತಿದ್ದೆ. ಅಂದು ಮೊದಲ ಬಾರಿಗೆ ‘ಅವನು ನರ್ಸ್ ಆಗುತ್ತಾನೆ, ಅಮ್ಮ’ ಎಂದೆ. ಅತ್ತೆಯವರು, ‘ಹಾಗಂತ ಅವನೇ ನನಗೆ ಯಾವತ್ತೋ ಹೇಳಿದಾನಲ್ಲ. ನಿನಗೆ ಬೇಜಾರಾಗುತ್ತೆ ಅಂತ ನಾನು ಕೇಳಲಿಲ್ಲ’ ಎಂದರು.