ಹೊಟ್ಟೆ ಕತ್ತರಿಸಿದರೂ ಹಸಿವಾಗುತ್ತೆ ಸ್ವಾಮಿ!

ಮೊನ್ನೆ ಮಾಟುಂಗಾದಲ್ಲಿ ನೆಂಟರ ಮದುವೆ. ಎಲೆ ಮುಂದೆ ಕೂತು ಎರಡು ಚಮಚ ಅನ್ನ, ಒಂದಿಷ್ಟು ಕೋಸಂಬರಿ ಹಾಕಿಸಿಕೊಂಡೆ. ಪಕ್ಕದಲ್ಲಿದ್ದ ಭಾಮೈದ ಜೋರಾಗಿ ಕೇಳಿದ, "ಏನ್ ಭಾವ, ಲಕ್ಷಗಟ್ಟಲೆ ಸುರಿದು ಆಪರೇಷನ್ ಮಾಡಿಸಿಕೊಂಡ್ರಿ, ಇನ್ನೂ ಹೀಗೇ ಇದ್ದೀರಲ್ಲ?" ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಡೊಂಬಿವಲಿ ಲೋಕಲ್ ಹತ್ತಿದ ಮೇಲೆ ಮೈ ಉರಿಯಿತು.

ಹದಿನಾಲ್ಕು ತಿಂಗಳಾಯ್ತು. ಸ್ಲೀವ್ ಅಂತಾರೆ. ಜಠರದ ಮುಕ್ಕಾಲು ಪಾಲು ತೆಗೆದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. 118 ಕೆಜಿ ಇದ್ದವನು 94ಕ್ಕೆ ಇಳಿದೆ. ನಾಲ್ಕು ತಿಂಗಳಿಂದ ಮುಳ್ಳು ಅಲ್ಲೇ ನಿಂತಿದೆ.

ನನ್ನ ಸಿಟ್ಟು ಭಾಮೈದನ ಮೇಲಲ್ಲ. ಈ ಆಪರೇಷನ್ನನ್ನು ಮಾರುವ ರೀತಿಯ ಮೇಲೆ. ಎಡಗಡೆ ಡೊಳ್ಳು ಹೊಟ್ಟೆಯ ಫೋಟೋ, ಬಲಗಡೆ ಸಪೂರ ಫೋಟೋ, ಕೆಳಗೆ "ಶೇಕಡಾ 60 ಇಳಿಕೆ". ಯಾವುದರ ಶೇಕಡಾ 60? ನನ್ನಾಕೆ 118ರಲ್ಲಿ ಅಂದುಕೊಂಡು ನನ್ನ ಮದುವೆ ಕಾಲದ ಶರ್ಟು ಹುಡುಕಿ ಇಟ್ಟಿದ್ದಳು! ಅದು 'ಹೆಚ್ಚುವರಿ ತೂಕ'ದ ಲೆಕ್ಕ. ನನ್ನ ಎತ್ತರಕ್ಕೆ 66 ಕೆಜಿ ಸರಿ ಅಂತಿಟ್ಟುಕೊಳ್ಳಿ, ಹೆಚ್ಚುವರಿ 52, ಅದರ ಶೇಕಡಾ 60 ಅಂದ್ರೆ 31 ಕೆಜಿ. ಎಲ್ಲಾ ಸರಿಯಾಗಿ ನಡೆದರೂ ನಾನು 87 ಕೆಜಿಯವನೇ. ಫ್ಲಾಟ್ ರೇಟ್ ಹೇಳಿ ಸಾಲ ಮಾರುವವರನ್ನು ಮೂವತ್ತು ವರ್ಷ ನೋಡಿದ್ದೇನೆ, ಆದರೂ ಬಿಕಾಂ ಓದಿದ ನಾನೇ ಈ ಲೆಕ್ಕ ಕೇಳಲಿಲ್ಲ.

ಇನ್ನು ಹಸಿವು. ಹಸಿವು ಹುಟ್ಟಿಸುವ ಘ್ರೆಲಿನ್ ಅನ್ನೋ ಹಾರ್ಮೋನು ಬಹುಪಾಲು ಜಠರದ ಮೇಲ್ಭಾಗದಲ್ಲಿ ತಯಾರಾಗುತ್ತೆ. ಅದನ್ನೇ ಕತ್ತರಿಸಿ ತೆಗೆಯೋದರಿಂದ ಮೊದಲ ಕೆಲವು ತಿಂಗಳು ಊಟದ ನೆನಪೇ ಬರಲಿಲ್ಲ. ಆದರೆ ಹಸಿವಿಗೆ ಅದೊಂದೇ ದಾರಿಯಲ್ಲ. ತೂಕ ಇಳಿದ ಮೈ ಖರ್ಚು ಕಡಿಮೆ ಮಾಡಿ ಉಳಿತಾಯಕ್ಕೆ ಕೂರುತ್ತೆ, ಮತ್ತೆ ತಿನ್ನು ತಿನ್ನು ಅನ್ನುತ್ತೆ. ಎಷ್ಟೋ ಜನರಿಗೆ ಹಸಿವು ಮರಳುತ್ತೆ. ನನಗೆ ಒಂಬತ್ತನೇ ತಿಂಗಳಲ್ಲಿ ಬಂತು, ರಾತ್ರಿ ಹನ್ನೊಂದಕ್ಕೆ, ಬ್ರಾಂಚಿಗೆ ಆಡಿಟರ್ ಬಂದ ಹಾಗೆ.

ಹೇಳಿಕೊಂಡರೆ ಡಯಟೀಷಿಯನ್ನಮ್ಮ ಏನಂದರು ಗೊತ್ತಾ? "ನಿಮಗೆ ನಾಲಿಗೆ ಹಿಡಿತದಲ್ಲಿಲ್ಲ." ಆಪರೇಷನ್ ಮುಂಚೆ ಇದು ಕಾಯಿಲೆ, ನಿಮ್ಮ ತಪ್ಪಲ್ಲ ಅಂದವರೂ ಇವರೇ! ದುಡ್ಡು ಕಟ್ಟುವವರೆಗೆ ಕಾಯಿಲೆ, ಕಟ್ಟಿದ ಮೇಲೆ ಚಪಲವೇ?

ನಾಚಿಕೆಯಾಗಿ ಎರಡು ಸಲ ತಪಾಸಣೆಗೆ ಹೋಗಲೇ ಇಲ್ಲ. ಮಾತ್ರೆಗಳನ್ನೂ ಬಿಟ್ಟೆ. ಕಾಲು ಜೋಮು ಹಿಡಿಯತೊಡಗಿತು. ರಕ್ತ ನೋಡಿಸಿದರೆ ಬಿ12 ಪಾತಾಳದಲ್ಲಿ. ಈ ಆಪರೇಷನ್ ಆದವರು ಜೀವನಪೂರ್ತಿ ವಿಟಮಿನ್ ತಗೋಬೇಕು, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಒಂದು ಚುಚ್ಚುಮಾತಿನಿಂದ ರೋಗಿ ಬರೋದು ಬಿಟ್ಟರೆ ನಷ್ಟ ಯಾರಿಗೆ?

ಆಪರೇಷನ್ ದಂಡ ಅಂತ ಮಾತ್ರ ನಾನು ಹೇಳೋಲ್ಲ. ಸಕ್ಕರೆ ಮಾತ್ರೆ ಎರಡಿದ್ದದ್ದು ಅರ್ಧಕ್ಕಿಳಿದಿದೆ. ದಾದರ್ ಸ್ಟೇಷನ್ ಸೇತುವೆಯನ್ನು ನಿಲ್ಲದೆ ಹತ್ತುತ್ತೇನೆ. ಮಾಡಿಸಬೇಕಾದವರು ಮಾಡಿಸಿ, ಆದರೆ ಸಹಿ ಹಾಕುವ ಮುಂಚೆ ಕೇಳಿ: ಶೇಕಡಾ ಬೇಡ, ಕೆಜಿಯಲ್ಲಿ ಹೇಳಿ. ಹಸಿವು ಮರಳಿದರೆ ಏನು ಮಾಡ್ತೀರಿ? ಎರಡನೇ ವರ್ಷ ಫೋನ್ ಎತ್ತೋರು ಯಾರು? ಪ್ಯಾಕೇಜ್ ಕಾಗದದಲ್ಲಿ ಈ ಮೂರೂ ಬರೆದುಕೊಡಲಿ.

ಬಿ12 ಇಂಜೆಕ್ಷನ್ ಶುರುವಾಗಿದೆ. ಶನಿವಾರ ಬೇರೆ ಡಾಕ್ಟರ ಹತ್ತಿರ ಹೋಗ್ತಿದ್ದೇನೆ, ರಾತ್ರಿ ಹನ್ನೊಂದರ ವಿಷಯವನ್ನೂ ಈ ಸಲ ಮುಚ್ಚಿಡದೆ ಹೇಳ್ತೇನೆ.