ದೆವ್ವದ ಹಡಗು

ಆಫ್ರಿಕದ ಗುಡ್‌ಹೋಪ್ ಭೂಶಿರದ ಬಳಿ ‘ಹಾರುವ ಡಚ್ಚ’ನೆಂಬ ದೆವ್ವದ ಹಡಗು ಅಲೆಯುತ್ತಿರುವುದೆಂದು ನಾವಿಕರು ಬಹುಕಾಲ ಹೇಳುತ್ತ ಬಂದರು. ಅವರೆಲ್ಲರನ್ನೂ ಸುಳ್ಳುಗಾರರೆಂದು ಹಳಿಯುವುದು ನಮಗೆ ಸಮ್ಮತವಲ್ಲ. ಕಡಲನ್ನು ಮುಟ್ಟಿದ ಗಾಳಿ ತಣ್ಣಗಿದ್ದು, ಅದರ ಮೇಲಿನ ಪದರ ಬೆಚ್ಚಗಿದ್ದರೆ ಬೆಳಕಿನ ಕಿರಣಗಳು ಕೆಳಕ್ಕೆ ಬಾಗುತ್ತವೆ. ಆಗ ದಿಗಂತದಾಚೆಯ ಹಡಗು ಆಕಾಶದಲ್ಲಿ, ಕೆಲವೊಮ್ಮೆ ತಲೆಕೆಳಗಾಗಿ, ತೋರುವುದುಂಟು. ಇದು ಮರೀಚಿಕೆಯ ಒಂದು ಬಗೆ. ಇಂತಹ ಕಥೆಗಳಲ್ಲಿ ಕೆಲವಕ್ಕಾದರೂ ಇದೇ ಮೂಲವಾಗಿರಬಹುದು.

1822ರಲ್ಲಿ ಗ್ರೀನ್‌ಲೆಂಡಿನ ಕಡಲಿನಲ್ಲಿ ವಿಲಿಯಂ ಸ್ಕೋರ್ಸ್‌ಬಿ ಎಂಬ ನಾವಿಕನು ಇಂತಹುದೇ ತಲೆಕೆಳಗಾದ ಹಡಗನ್ನು ಕಂಡನು. ಆತನು ಬೆದರಲಿಲ್ಲ, ದೂರದರ್ಶಕದಿಂದ ಪರೀಕ್ಷಿಸಿ, ಅದು ತನ್ನ ತಂದೆಯ ಹಡಗೆಂದು ಗುರುತಿಸಿದನು. ಆ ಹಡಗು ಆಗ ಸುಮಾರು 30 ಮೈಲಿ ದೂರದಲ್ಲಿದ್ದಿತೆಂದು ಬಳಿಕ ತಿಳಿದುಬಂದಿತು.

ಕಂಡುದನ್ನು ಅಲ್ಲಗಳೆಯದೆ ಅದರ ಕಾರಣವನ್ನು ಅರಸುವ ಈ ಬುದ್ಧಿಯನ್ನೇ ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು.