ಒಲ್ಲೆನೆನ್ನುವ ಕಾರ್ಡು

ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವುದು ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೂ ಕೈಗೆಟುಕಿದ ವಿದ್ಯೆಯಾಗಿದೆ. ಒಳಗಿನದು ವರ್ಚುವಲ್ ಯಂತ್ರ, ಅಂದರೆ ಅತಿಥಿ. ಅದಕ್ಕೆ ಎಡೆಗೊಟ್ಟ ಹೊರಗಿನದು ಆತಿಥೇಯ. ಅತಿಥಿಗೆ ಕಾಣುವ ಡಿಸ್ಕು, ನೆಟ್‌ವರ್ಕ್ ಕಾರ್ಡುಗಳು ಸಾಮಾನ್ಯವಾಗಿ ಬರಿಯ ತೋರಿಕೆಯವು. ಆದರೆ ನಿಜವಾದ ಕಾರ್ಡೊಂದನ್ನೇ ಅದರ ವಶಕ್ಕೆ ಒಪ್ಪಿಸುವ ಕ್ರಮವೂ ಉಂಟು. ಇದಕ್ಕೆ ಪಾಸ್‌ಥ್ರೂ ಎಂದು ಹೆಸರು. ಇದು ತೀರ ಹೊಸದಲ್ಲ. 1972ರಲ್ಲಿ ಐಬಿಎಂ ಸಂಸ್ಥೆ ಹೊರತಂದ ವಿಎಂ/370 ವ್ಯವಸ್ಥೆಯಲ್ಲಿಯೇ ಒಂದು ಸಾಧನವನ್ನು ಒಂದೇ ವರ್ಚುವಲ್ ಯಂತ್ರಕ್ಕೆ ಮೀಸಲಿಡಬಹುದಾಗಿತ್ತು. ಲಿನಕ್ಸಿನಲ್ಲಿ ಈಗ ಈ ಕೆಲಸಕ್ಕೆ ಒದಗುವ ವಿಎಫ್‌ಐಓ ಎಂಬ ಏರ್ಪಾಡು 2012ರಲ್ಲಿ ಸೇರಿತು.

ಈ ಒಪ್ಪಿಸುವಿಕೆ ಮೊದಲ ಯತ್ನದಲ್ಲಿಯೇ ಸಲೀಸಾಗಿ ನಡೆಯುವುದು ಅಪರೂಪ. ಯಂತ್ರವು ಒಲ್ಲೆನೆನ್ನುತ್ತದೆ. ಆಗ ನಮ್ಮ ಹುಡುಗರು ಅದರ ಬಾಯಿ ಮುಚ್ಚಿಸುವ ಉಪಾಯವನ್ನು ಹುಡುಕುತ್ತಾರೆಯೇ ಹೊರತು, ಏಕೆ ಒಲ್ಲೆ ಎಂದು ಕೇಳುವುದಿಲ್ಲ. ಈ ಅಭ್ಯಾಸದ ಬಗ್ಗೆ ನನ್ನದೊಂದು ತಕರಾರು.

ಈಚೆಗೆ ನನ್ನ ಪರಿಚಯದ ವಿದ್ಯಾರ್ಥಿಯೊಬ್ಬನು ನಾಲ್ಕು ಕಿಂಡಿಗಳಿರುವ ಇಂಟೆಲ್ ಐ350 ಕಾರ್ಡೊಂದನ್ನು ತಂದು, ಒಂದು ಕಿಂಡಿಯನ್ನು ಅತಿಥಿಗೆ ಕೊಡಲು ಹೊರಟನು. ಕೊಟ್ಟೊಡನೆ ನಾಲ್ಕೂ ಕಿಂಡಿಗಳು ಆತಿಥೇಯದಿಂದ ಮಾಯವಾದವು! ಅವನು ದೂರದಿಂದ ಅದನ್ನು ತಲಪುತ್ತಿದ್ದ ತಂತಿಯೂ ಅವುಗಳಲ್ಲೊಂದಕ್ಕೇ ಸೇರಿದ್ದುದರಿಂದ, ಮಾನಿಟರು, ಕೀಬೋರ್ಡುಗಳನ್ನು ಹೊತ್ತುಕೊಂಡು ಅದರ ಬಳಿಗೇ ಹೋಗಬೇಕಾಯಿತು. ಕಾರಣವು ಸರಳ. ಅವನು ಕಾರ್ಡನ್ನು ಸೂಚಿಸಿದ್ದು 8086:1521 ಎಂಬ ಸಂಖ್ಯೆಯಿಂದ. ಇದರಲ್ಲಿ 8086 ತಯಾರಕನ ಗುರುತು. 1978ರಲ್ಲಿ ಬಂದ ಇಂಟೆಲಿನ ಹೆಸರಾಂತ ಪ್ರೊಸೆಸರಿನದೂ ಇದೇ ಸಂಖ್ಯೆಯೆಂಬುದನ್ನು ಬಲ್ಲವರು ನಕ್ಕಾರು. 1521 ಎಂಬುದು ಆ ಮಾದರಿಯ ಗುರುತು. ನಾಲ್ಕು ಕಿಂಡಿಗಳಿಗೂ ಗುರುತು ಒಂದೇ. ತರಗತಿಯಲ್ಲಿ ನಾಲ್ವರು ಮಂಜುನಾಥರಿರುವಾಗ ‘ಮಂಜುನಾಥ, ಇಲ್ಲಿ ಬಾ’ ಎಂದರೆ ನಾಲ್ವರೂ ಎದ್ದು ಬರುವುದಿಲ್ಲವೆ? ಕೂತ ಜಾಗದಿಂದ, ಅಂದರೆ 03:00.0, 03:00.1 ಮುಂತಾದ ವಿಳಾಸದಿಂದ ಕರೆಯಬೇಕಾಗಿತ್ತು.

ಹಾಗೆ ಕರೆದ ಮೇಲೆ ಎರಡನೆಯ ತೊಡಕು ಎದುರಾಯಿತು: ಈ ಕಾರ್ಡಿನ ಗುಂಪು ಕೊಡಲು ಯೋಗ್ಯವಲ್ಲ ಎಂಬ ಉತ್ತರ. ಇದನ್ನು ಅರಿಯಲು ಕಾರ್ಡಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ನೆಟ್‌ವರ್ಕ್ ಕಾರ್ಡು ತನಗೆ ಬಂದ ಮಾಹಿತಿಯನ್ನು ಪ್ರೊಸೆಸರಿನ ಮೂಲಕ ಹಾಯಿಸದೆ ನೇರವಾಗಿ ಸ್ಮೃತಿಯಲ್ಲಿ ಬರೆಯುತ್ತದೆ. ಆದರೆ ಅತಿಥಿಯು ತಿಳಿದಿರುವ ಸ್ಮೃತಿಯ ವಿಳಾಸಗಳು ನಿಜವಾದವಲ್ಲ. ಅವನ್ನು ತಿದ್ದಿ, ಸಲ್ಲದ ವಿಳಾಸವನ್ನು ತಡೆಯುವ ಕಾವಲುಗಾರನೊಬ್ಬನು ಬೇಕು. ಅವನೇ ಐಓಎಂಎಂಯು, ಇಂಟೆಲ್ ಇದನ್ನು ವಿಟಿ-ಡಿ ಎಂದೂ, ಎಎಂಡಿ ಎಎಂಡಿ-ವಿಐ ಎಂದೂ ಕರೆಯುತ್ತದೆ. (ಬಯಾಸಿನಲ್ಲಿ ಇವನನ್ನು ಎಬ್ಬಿಸದೆಯೇ ದಿನಗಟ್ಟಲೆ ತಿಣುಕಿದವರನ್ನೂ ಕಂಡಿದ್ದೇನೆ.)

ಈಗ ಒಂದು ವಠಾರವನ್ನು ಊಹಿಸಿಕೊಳ್ಳಿ. ಕಾವಲುಗಾರನು ಹೆಬ್ಬಾಗಿಲಲ್ಲಿ ನಿಂತಿದ್ದಾನೆ. ಹೊರಗೆ ಹೋಗುವ ಪ್ರತಿಯೊಂದನ್ನೂ ಪರೀಕ್ಷಿಸುತ್ತಾನೆ. ಆದರೆ ಒಂದು ಮನೆಯವರು ಹಿತ್ತಿಲ ಗೋಡೆಯ ಮೇಲಿಂದ ಪಕ್ಕದ ಮನೆಗೆ ಏನನ್ನಾದರೂ ದಾಟಿಸಿದರೆ ಅವನಿಗೆ ತಿಳಿಯುವ ಬಗೆಯೆಂತು? ಹೀಗೆ ಪರಸ್ಪರ ಒಳದಾರಿ ಇರಬಹುದಾದ ಸಾಧನಗಳನ್ನೆಲ್ಲ ಲಿನಕ್ಸ್ ಒಂದೇ ಗುಂಪೆಂದು ಎಣಿಸುತ್ತದೆ. ಕೊಟ್ಟರೆ ಇಡೀ ವಠಾರವನ್ನೇ ಕೊಡು, ಇಲ್ಲವೆ ಸುಮ್ಮನಿರು ಎನ್ನುತ್ತದೆ. ನಮ್ಮ ಹುಡುಗನ ಗುಂಪಿನಲ್ಲಿ ಕಾರ್ಡಿನೊಡನೆ ಆತಿಥೇಯದ ಡಿಸ್ಕನ್ನು ನಡೆಸುವ ನಿಯಂತ್ರಕವೂ ಇತ್ತು. ಅದನ್ನೂ ಕೊಟ್ಟರೆ ಆತಿಥೇಯದ ಗತಿಯೇನು!

ಅವನಿಗೆ ಯಾರೋ ಹೇಳಿಕೊಟ್ಟ ಮದ್ದು ಎಸಿಎಸ್ ಓವರ್‌ರೈಡ್ ಎಂಬ ತೇಪೆ. 2013ರಲ್ಲಿ ರಚಿತವಾದ ಇದನ್ನು ಲಿನಕ್ಸಿನ ಮುಖ್ಯ ಕರ್ನೆಲಿಗೆ ಸೇರಿಸಿಕೊಂಡಿಲ್ಲ. ಇದು ಗುಂಪನ್ನು ಒಡೆಯುತ್ತದೆ, ನಿಜ; ಆದರೆ ಕಾಗದದ ಮೇಲೆ ಮಾತ್ರ. ಹಿತ್ತಿಲ ಗೋಡೆ ಒಂದು ಅಂಗುಲವೂ ಎತ್ತರವಾಗುವುದಿಲ್ಲ. ದುರುದ್ದೇಶವಿಲ್ಲದೆಯೂ ಕೇಡು ಸಂಭವಿಸಬಹುದು: ಅತಿಥಿಯು ನೀಡಿದ ವಿಳಾಸವು ಅಕಸ್ಮಾತ್ತಾಗಿ ಪಕ್ಕದ ಸಾಧನದ ವಿಳಾಸವನ್ನು ಹೋಲಿದರೆ, ಸ್ಮೃತಿಗೆ ಹೋಗಬೇಕಾದುದು ಅಲ್ಲಿಗೆ ಹೋದೀತು. ಮನೆಯಲ್ಲಿ ತನ್ನದೇ ಅತಿಥಿಗಳನ್ನಿಟ್ಟು ಕಲಿಯುವವನು, ಇದನ್ನು ಬಲ್ಲವನಾಗಿ ಬಳಸಿದರೆ ನಾನು ಜರೆಯಲಾರೆ. ಹತ್ತು ಜನರ ಕೆಲಸ ನಡೆಯುವ ಯಂತ್ರದಲ್ಲಿ ಇದು ಕೂಡದೆಂಬುದು ನನ್ನ ಖಚಿತ ಅಭಿಪ್ರಾಯ.

ಕರ್ನೆಲು ವಿನಾಯಿತಿಯನ್ನೇ ಕೊಡದ ಹಠಮಾರಿಯೂ ಅಲ್ಲ. ಐ350ರ ಕಿಂಡಿಗಳ ನಡುವೆ ಒಳದಾರಿ ಇಲ್ಲವೆಂಬುದು ಕರ್ನೆಲಿನ ವಿನಾಯಿತಿಯ ಪಟ್ಟಿಯಲ್ಲಿ ದಾಖಲಾಗಿದೆ. ಅಂದಮೇಲೆ ಕಾರ್ಡು ನಿರಪರಾಧಿ. ಸಂಶಯವಿದ್ದುದು ಅದನ್ನು ಸಿಕ್ಕಿಸಿದ ಸ್ಲಾಟಿನ ಮೇಲೆ. ಆ ಸ್ಲಾಟು ಮದರ್‌ಬೋರ್ಡಿನ ಚಿಪ್‌ಸೆಟ್ಟಿಗೆ ಸೇರಿದುದಾಗಿತ್ತು. ಪ್ರೊಸೆಸರಿಗೆ ನೇರವಾಗಿ ಸೇರಿದ ಬೇರೊಂದು ಸ್ಲಾಟಿಗೆ ಕಾರ್ಡನ್ನು ಬದಲಿಸಲು ಹೇಳಿದೆನು. ನಾಲ್ಕು ಕಿಂಡಿಗಳೂ ನಾಲ್ಕು ಗುಂಪುಗಳಾದವು.

ಮರುದಿನ ಹುಡುಗನು ಮತ್ತೆ ಬಂದನು. “ಸಾರ್, ಆತಿಥೇಯದ ನೆಟ್‌ವರ್ಕೇ ಹೋಯಿತು!” ಸ್ಲಾಟು ಬದಲಾದಾಗ 03 ಎಂಬ ವಿಳಾಸವು 01 ಆಗಿ, ಅದನ್ನನುಸರಿಸಿ ಕಿಂಡಿಗಳ ಹೆಸರೂ ಬದಲಾಗಿತ್ತು. ಆತಿಥೇಯವು ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಈ ಸಲ ಕಾರಣವನ್ನು ಅವನೇ ಕಂಡುಹಿಡಿದುಕೊಂಡು ಬಂದಿದ್ದನು. ಮಾನಿಟರನ್ನೂ ಇನ್ನೂ ಹಿಂದಕ್ಕೆ ಒಯ್ದಿರಲಿಲ್ಲವಂತೆ.